ಹಾಸು

ಹತ್ತಿ ಗೋದಾಮು ಕೆಡವಾಕ ಹತ್ಯಾರ, ಫರಸಿ ಅಗ್ಗ ಅದಾವು
ಅಂತ ತೋಂಟವ್ವ ಗ್ವಾಡಿ ಮ್ಯಾಲಿಂದ ಹೇಳಿದ್ದು ಸೋಮವಾರ.
ಬುಧವಾರ ಮಧ್ಯಾಹ್ನ ಬೆಟಗೇರಿಯ ನಮ್ಮ ಓಣ್ಯಾಗ
ಟ್ರ್ಯಾಕ್ಟರ್ ಹಿಂದಕ್ಕ ಬಂತು
ಬೇವಿನ ಒಂದು ಟೊಂಗಿ ಮುರಕೊಂಡು.

ನಲವತ್ತಮೂರು ಕಲ್ಲು.
ಎರಡು ಸಾವಿರದ ನಾಕನೂರು ಎಳಿ ಎಣಿಸಿದ ಬೆರಳಿಗೆ
ನಲವತ್ತಮೂರು ಏನು ಲೆಕ್ಕ.
ಒಂದರ ಹಂಗ ಒಂದಿಲ್ಲ. ಒಂದಕ್ಕ ಎಣ್ಣಿ ಕಲಿ,
ಒಂದಕ್ಕ ತೊಲಿ ಬಿದ್ದ ಗಾಯ,
ಒಂದರ ಮ್ಯಾಲೆ ಹುಲಿಕಟ್ಟಿನ ಗೆರಿ,
ಹಮಾಲರು ಬುತ್ತಿ ಉಂಡು ಆಡಿರಬೇಕು,
ಮೂಲ್ಯಾಗಿನ ಹುಲಿಮನಿ ಸವದು ನುಣ್ಣಗಾಗೈತಿ.

ಹಿತ್ತಲದಾಗ ಮಗ್ಗದ ಖೋಲಿ ಇತ್ತು.
ಹೋದ ಆಷಾಢದಾಗ ಅದರ ಮಾಳಿಗಿ
ಸದ್ದಿಲ್ಲದ ಕುಂತುಬಿಟ್ಟಿತು.
ಮಗ್ಗ ಅದಕ್ಕೂ ಮೊದಲ ಹೋಗಿತ್ತು,
ಗೂಳಪ್ಪನ ಮಾರಿದ, ಕಟಗಿ ರೇಟಿಗೆ,
ನಾನು ತವರಿಗೆ ಹೋದಾಗ.
ಉಳದದ್ದು ಕುಣಿ.
ಮೊಣಕಾಲು ಆಳ, ನನ್ನ ಕಾಲಿನ ಅಳತಿ.
ಮೂವತ್ತೊಂದು ವರ್ಷ ನನ್ನ ಕಾಲು
ನೆಲದ ಮ್ಯಾಲೆ ಇದ್ದದ್ದು ಕಡಿಮಿ,
ನೆಲದ ಒಳಗಿದ್ದದ್ದ ಹೆಚ್ಚು.

ಮೌಲಾಲಿ ಗೌಂಡಿ ಬಂದ. ಕುಣಿ ನೋಡಿದ, ನನ್ನ ನೋಡಿದ.
ಇದಕ್ಕ ಗರಸು ತುಂಬಿ ಬಡೀಬೇಕ್ರಿ ಅಕ್ಕಾರ,
ಇಲ್ಲಂದ್ರ ಕಲ್ಲು ಕುಂದರ್ತದ.
ಬಡಿ ಅಂದೆ.
ಗೂಳಪ್ಪ ಬೀಡಿ ಹಚ್ಚಿಕೊಂಡು ಹೊರಗ ಹೋದ.

ಕಸ ತಗದಾಗ ಕುಣ್ಯಾಗ ಸಿಕ್ಕಿದ್ದು
ಸೀಳಿದ ಲಾಳಿ, ಎರಡು ಕಂಡಿಕಿ,
ಮತ್ತ ಜಂಗು ತಿಂದ ಒಂದು ಕೈವಾರ,
ಮಗಳು ಏಳನೇತ್ತ್ಯಾಗ ಕಳಕೊಂಡದ್ದು.
ಅವತ್ತು ಅಕಿನ್ನ ಬಡದಿದ್ದೆ.
ರಾಣೇಬೆನ್ನೂರಿಗೆ ಫೋನ್ ಹಚ್ಚಿ ಹೇಳಿದೆ.
ನನಗ ನೆನಪ ಇಲ್ಲಬೇ ಅಂದಳು.
ನನಗ ಐತಿ.

ಎಂಟು ಬುಟ್ಟಿ ಗರಸು, ಮೂರು ಕೊಡ ನೀರು.
ದಿಮ್ಮಸಿನ ಪೆಟ್ಟಿಗೆ ಅಡಗಿಮನಿ ಡಬ್ಬಿ ನಡುಗಿದವು.
ಆಮ್ಯಾಲೆ ಉಸುಕು, ಬೆರಳುದ್ದ.
ಆಮ್ಯಾಲೆ ದಾರ, ಈ ಗೂಟದಿಂದ ಆ ಗೂಟಕ್ಕ.
ಸಡ್ಲ ಐತಿ ಅಂದೆ.
ಸರಿ ಐತ್ರಿ ಅಂದ.
ಉಗುರಿಲೆ ಮೀಟಿ ತೋರಿಸಿದೆ, ಜೋತಿತು.
ಬಿಗದುಕೊಟ್ಟೆ. ಮತ್ತ ಮಾತಾಡಲಿಲ್ಲ ಅಂವ.

ಹೆಂಗ ಹಾಸಲಿ, ಉದ್ದಕ್ಕೋ ಅಡ್ಡಕ್ಕೋ?
ಹಾಸು ಅಂದ್ರ ನನಗ ಒಂದ ಅರ್ಥ ಇತ್ತು:
ಓಣಿ ತುಂಬ ಎಳದು ಗಂಜಿ ಕುಡಿಸಿ
ಬಿಸಲಿಗೆ ಬಿಟ್ಟ ನೂಲು.
ಇಂವ ಅದ ಮಾತು ಕಲ್ಲಿಗೆ ಆಡ್ತಾನ.
ಹಂಗಾದ್ರ ಹೊಕ್ಕು ಯಾವುದಪಾ ಅಂದೆ.
ಸಂದ್ಯಾಗ ಉಸುಕು ತುಂಬತೇನ್ರಿ,
ಮಳಿ ಆದ ಮ್ಯಾಲೆ ಹುಲ್ಲು ತಾನ ಹೊಗತದ ಅಂದ,
ತೆಲಿ ಎತ್ತದ, ಕಲ್ಲಿನ ಮೂಲಿ ಕೆತಗೊಂತ.

ಮೊಳಕ್ಕೊಂದು ನೂಲು ವಾಟ ಕೊಟ್ಟಾನ,
ನೀರು ಬೇವಿನ ಬುಡಕ್ಕ ಹೋಗತೈತಿ.
ಶ್ಯಾವಿಗಿ ಒಣಗಿಸಾಕ ತೋಂಟವ್ವ ಈಗ ಇಲ್ಲೇ ಬರ್ತಾಳ,
ಹುಲಿಕಟ್ಟಿನ ಕಲ್ಲು ಬಾಗಲ ಹತ್ರ ಬರಲಿ ಅಂದಕಿ ಅಕಿನ,
ಕಲ್ಲು ನಂದು, ಕಾರಭಾರ ಅಕಿದು.

ರೋಹಿಣಿ ಮಳಿ ಒಂದ ಬಿತ್ತು ನೋಡು,
ಕುಣಿ ಮ್ಯಾಲಿನ ಕಲ್ಲು ಅಲುಗಾಡಾಕ ಹತ್ತಿತು.
ತುಳದ್ರ ಟಕ್. ಬಿಟ್ರ ಟಕ್.
ಮೌಲಾಲಿ ನಾಚಿಕೊಂಡ, ಎತ್ತಿ ಮತ್ತ ಕುಂಡರಸ್ತೇನ್ರಿ,
ರೊಕ್ಕ ಬ್ಯಾಡ ಅಂದ.
ನಾಳೆ ಬಾ ಅಂದೆ. ಆಮ್ಯಾಲೂ ಅದನ್ನ ಅಂದೆ.

ಸಂಜಿಕ ಗೂಳಪ್ಪ ಕುರ್ಚಿ ತಂದು
ಸರಿಯಾಗಿ ಅಲ್ಲೇ ಹಾಕ್ಕೊಂತಾನ.
ನಲವತ್ತೆರಡು ಕಲ್ಲು ಖಾಲಿ ಅದಾವು.
ಕಪ್ಪತಗುಡ್ಡದ ಕಡಿಂದ ಗಾಳಿ ಬಿಡತೈತಿ,
ಅಂವನ ಬಲಗಾಲು
ಟಕ್, ಟಕ್.
ಚಾ ಆರತೈತಿ, ಕುಡಿ ಅಂತೇನಿ.
ಹ್ಞೂಂ ಅಂತಾನ.